ತಣ್ಣೀರಿನ ಲೆಕ್ಕ

2015ರ ಜೂನ್. ಉತ್ತರ ಕ್ಯಾಲಿಫೋರ್ನಿಯಾದ ಶಾಸ್ತಾ ಅಣೆಕಟ್ಟೆಯ ಮೇಲೆ ನಡೆಯುತ್ತಿದ್ದೀರಿ. ಕಾದ ಕಾಂಕ್ರೀಟು ಬೂಟಿನೊಳಗಿನ ಅಂಗಾಲಿಗೂ ಬಿಸಿ ಮುಟ್ಟಿಸುತ್ತಿದೆ. 602 ಅಡಿ ಎತ್ತರದ ಕಟ್ಟೆಯ ಒಂದು ಮಗ್ಗುಲಿಗೆ ಜಲಾಶಯ, ಇನ್ನೊಂದು ಮಗ್ಗುಲಿಗೆ ಎಲ್ಲೋ ಕೆಳಗೆ ಸ್ಯಾಕ್ರಮೆಂಟೊ ನದಿ. ನೀರು ಇಳಿದ ದಡದುದ್ದಕ್ಕೂ ಕೆಮ್ಮಣ್ಣು ಬೋಳುಬೋಳಾಗಿ ಕಾಣುತ್ತದೆ. ಬರಕ್ಕಿದು ನಾಲ್ಕನೆಯ ವರ್ಷ. ಏಪ್ರಿಲ್ 1ರ ಅಳತೆಯಲ್ಲಿ ರಾಜ್ಯದ ಬೆಟ್ಟಗಳ ಹಿಮ ವಾಡಿಕೆಯ ಶೇ 5ರಷ್ಟೇ ಇತ್ತು.

ದೋಣಿಗೆ ಇಳಿಯಿರಿ. ಕೇಬಲ್ಲಿಗೆ ಕಟ್ಟಿದ ತಾಪಮಾಪಕವನ್ನು ತಂತ್ರಜ್ಞರು ನೀರಿಗೆ ಬಿಡುತ್ತಿದ್ದಾರೆ. ಮೇಲಿನ ನೀರು ಕೈಗೆ ಬೆಚ್ಚಗಿದೆ. ಕೇಬಲ್ ಇಳಿದಂತೆ ಪರದೆಯ ಅಂಕಿ ಮೊದಲು ಮೆಲ್ಲಗೆ, ಆಮೇಲೆ ಸರಸರನೆ ಕುಸಿಯುತ್ತದೆ. ತಳದ ಹತ್ತಿರ ಹತ್ತು ಡಿಗ್ರಿ ಸೆಲ್ಸಿಯಸ್‌ಗೂ ಕಡಿಮೆ. ಚಳಿಗಾಲದಲ್ಲಿ ತಳ ಸೇರಿದ ಈ ತಣ್ಣೀರೇ ಜಲಾಶಯದ ಇಡುಗಂಟು. ಬೇಸಿಗೆಯಿಡೀ ಅದಕ್ಕೆ ಖರ್ಚೇ ಹೊರತು ಜಮೆಯಿಲ್ಲ.

ಅದು ಯಾರಿಗೆ ಬೇಕು? ಕೆಸ್ವಿಕ್ ಅಣೆಕಟ್ಟೆ ದಾಟಿ ರೆಡಿಂಗ್ ಊರಿನ ಹೊಳೆಯಂಚಿಗೆ ಬನ್ನಿ. ಹೆಣ್ಣು ಸಾಲ್ಮನ್ ಮಗ್ಗುಲಾಗಿ ಬಾಲ ಬಡಿದು ಜಲ್ಲಿ ತೋಡುತ್ತಿದೆ. ಮೊಟ್ಟೆಯಿಟ್ಟು ಅದೇ ಜಲ್ಲಿಯಿಂದ ಮುಚ್ಚುತ್ತದೆ. ಚಳಿಗಾಲದಲ್ಲಿ ಕಡಲಿನಿಂದ ನದಿಗೇರಿ, ಸುಡುಬೇಸಿಗೆಯಲ್ಲಿ ಮೊಟ್ಟೆಯಿಡುವ ಚಿನೂಕ್ ಇದು. ಹಿಂದೆ ಇವು ಮೆಕ್‌ಕ್ಲೌಡ್‌ನಂಥ ತಣ್ಣನೆಯ ನದಿಗಳವರೆಗೂ ಹೋಗುತ್ತಿದ್ದವು. 1940ರ ದಶಕದಲ್ಲಿ ಎದ್ದ ಶಾಸ್ತಾ ಕಟ್ಟೆ ಆ ದಾರಿ ಮುಚ್ಚಿತು. ಅಲ್ಲಿನ ಮೂಲನಿವಾಸಿಗಳಾದ ವಿನ್ನೆಮೆಮ್ ವಿಂಟು ಜನರ ನೆಲವನ್ನೂ ಮುಳುಗಿಸಿತು. ಈಗ ಮೀನಿನ ಸಂತತಿ ನಿಂತಿರುವುದು ಮನುಷ್ಯರು ಬಿಡುವ ತಣ್ಣೀರಿನ ಮೇಲೆ.

ಬೇಕಾದ ಆಳದಿಂದ ನೀರು ತೆಗೆಯಲೆಂದೇ 1997ರಲ್ಲಿ ಶಾಸ್ತಾ ಕಟ್ಟೆಯ ಒಳಮೈಗೆ ಬಾಗಿಲುಗಳುಳ್ಳ ಉಕ್ಕಿನ ದೈತ್ಯ ಚೌಕಟ್ಟು ಕೂರಿಸಿದ್ದಾರೆ. ಮೊದಲು ಮೇಲಿನ ಬಾಗಿಲು, ಬಿಸಿಲೇರಿದಂತೆ ಕೆಳಗಿನವು. ಯಾವಾಗ ಯಾವುದನ್ನು ತೆರೆಯಬೇಕು? ಕಂಪ್ಯೂಟರಿನ ಮುಂದೆ ಕೂತು ನೋಡಿ. ಗಣಿತ ಮಾದರಿ ಜಲಾಶಯವನ್ನು ಪದರಪದರವಾಗಿ ಬಿಡಿಸಿಕೊಂಡಿದೆ. ಒಳಹರಿವು, ಬಿಸಿಲು, ಗಾಳಿ, ಹೊರಹರಿವು ಕೊಟ್ಟರೆ, ಶರತ್ಕಾಲದವರೆಗೆ ಕೆಳಗಿನ ಹೊಳೆ ಎಷ್ಟು ತಣ್ಣಗಿರುತ್ತದೆಂದು ಹೇಳುತ್ತದೆ.

ಈ ವರ್ಷ ಅದಕ್ಕೆ ಉಣಿಸಿದ ಅಂಕಿಯೇ ತಪ್ಪು. ಉಪಕರಣದ ದೋಷದಿಂದ ಆಳದ ನೀರು ಇದ್ದುದಕ್ಕಿಂತ ತಣ್ಣಗೆ ದಾಖಲಾಗಿತ್ತು. ಮೇ ಕೊನೆಯಲ್ಲಿ ಅದು ಬಯಲಾದಾಗ, ಬೇಸಿಗೆಗೆ ನೀರು ಬಿಡಲು ಒಪ್ಪಿಗೆ ಸಿಕ್ಕಿದ್ದ ಯೋಜನೆಯನ್ನೇ ತಡೆಹಿಡಿಯಬೇಕಾಯಿತು. ತಣ್ಣೀರು ಉಳಿಸಲು ಕೆಸ್ವಿಕ್‌ನ ಹೊರಹರಿವನ್ನು 7,250 ಕ್ಯುಸೆಕ್‌ಗೆ ಕಟ್ಟಿಹಾಕಿದರು. ಅದರ ಬಿಸಿ ನದಿಯುದ್ದಕ್ಕೂ ತಟ್ಟಿತು. ಭತ್ತದ ಗದ್ದೆಗಳಿಗೆ ನೀರು ತಡವಾಯಿತು. ನದಿಯ ಕೊನೆಯ ನದೀಮುಖಜ ಭೂಮಿಯಲ್ಲಿ ಸಿಹಿನೀರಿನ ಒತ್ತಡ ತಗ್ಗಿದರೆ ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಉಪ್ಪು ಒಳನುಗ್ಗುತ್ತದೆ. ಕುಡಿಯುವ ನೀರು, ಹೊಲದ ನೀರು ಎರಡೂ ಕೆಡುತ್ತವೆ. ಉಪ್ಪನ್ನು ತಡೆಯಲು ಅಲ್ಲಿನ ಫಾಲ್ಸ್ ರಿವರ್ ಎಂಬ ಕವಲಿಗೆ ಆಗಲೇ ಬಂಡೆಗಳ ಒಡ್ಡು ಹಾಕಿಯಾಗಿತ್ತು. ಈಗ ಶಾಸ್ತಾದ ಕೊರತೆ ತುಂಬಲು ಫೋಲ್ಸಮ್ ಎಂಬ ಇನ್ನೊಂದು ಜಲಾಶಯದ ಮೇಲೂ ಹೆಚ್ಚು ಹೊರೆ ಬಿತ್ತು.

ಶರತ್ಕಾಲದಲ್ಲಿ ರೆಡ್ ಬ್ಲಫ್‌ಗೆ ಇಳಿದು ಬನ್ನಿ. ಹೊಳೆಯಲ್ಲಿ ತಿರುಗುವ ದೊಡ್ಡ ಕೊಳವೆಬಲೆಗಳು ಕೆಳಗಿಳಿಯುವ ಮರಿಗಳನ್ನು ಹಿಡಿದು ಲೆಕ್ಕಕ್ಕೆ ಕೊಡುತ್ತವೆ. ಬಲೆಗೆ ಬರುವ ಮರಿಗಳು ತೀರಾ ಕಡಿಮೆ. 2014ರಂತೆ ಈ ವರ್ಷವೂ ಸುಮಾರು ಶೇ 95ರಷ್ಟು ಸಂತಾನ ಹಾಳಾಗಿದೆ.

13.3 ಡಿಗ್ರಿಯೊಳಗೆ ಹೊಳೆಯನ್ನು ಇಟ್ಟರೆ ಮೊಟ್ಟೆ ಉಳಿಯುತ್ತವೆಂದು ನಂಬಿದ್ದ ಕಾಲ ಅದು. 2017ರಲ್ಲಿ ಪ್ರಕಟವಾದ ಸಂಶೋಧನೆ ಆ ನಂಬಿಕೆಯನ್ನು ಅಲುಗಿಸಿತು. ಪ್ರಯೋಗಾಲಯದ ಮೊಟ್ಟೆಗಳು ತಡೆದುಕೊಳ್ಳುವ ತಾಪಕ್ಕಿಂತ ಸುಮಾರು 3 ಡಿಗ್ರಿ ಕಡಿಮೆ ತಾಪದಲ್ಲೇ ಹೊಳೆಯ ಮೊಟ್ಟೆಗಳು ಸಾಯತೊಡಗುತ್ತವೆ. ಬೆಚ್ಚಗಿನ ನೀರಿನಲ್ಲಿ ಭ್ರೂಣಕ್ಕೆ ಆಮ್ಲಜನಕ ಹೆಚ್ಚು ಬೇಕು. ಜಲ್ಲಿಯ ಸಂದಿಯಲ್ಲಿ ನಿಧಾನವಾಗಿ ಜಿನುಗುವ ನೀರು ಅಷ್ಟನ್ನು ತಂದುಕೊಡಲಾರದು. ಇದಾದ ಮೇಲೆ ಗುರಿ ಸುಮಾರು 12 ಡಿಗ್ರಿಗೆ ಇಳಿಯಿತು.

ಮಾದರಿಗಳು ಬೇಕು; ಅವಿಲ್ಲದೆ ಬರಗಾಲದಲ್ಲಿ ಅಣೆಕಟ್ಟೆ ನಡೆಸುವುದು ಕತ್ತಲಲ್ಲಿ ತಡಕಾಡಿದಂತೆ. ಆದರೆ ಅವು ಹೇಳಿದಷ್ಟನ್ನೇ ಅಳೆದು ಖರ್ಚು ಮಾಡಬಾರದು. ಬಿಸಿಲೇರುವ ಮೊದಲೇ, ತಪ್ಪಿಗೆಂದು ಒಂದು ಪಾಲು ತಣ್ಣೀರು ಎತ್ತಿಡಬೇಕು. ಲೆಕ್ಕ ತಪ್ಪಿದರೆ ರೈತ ಸಭೆಯಲ್ಲಿ ಎದ್ದು ಕೇಳುತ್ತಾನೆ, ನಗರ ನ್ಯಾಯಾಲಯಕ್ಕೆ ಹೋಗುತ್ತದೆ. ಜಲ್ಲಿಯಡಿಯ ಮೊಟ್ಟೆಗೆ ಆ ದಾರಿಗಳಿಲ್ಲ. ತಪ್ಪಿನ ಹೊರೆ ಯಾರ ಮೇಲೆ ಬೀಳುತ್ತದೆಂದು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಬಾಗಿಲು ಎತ್ತುವುದೇ ಸರಿಯಾದ ಕ್ರಮ.