ಹಾಲ್ಟ್ ಬಸ್ಸು

ಕಾವೂರು, ಮರವೂರು ಸಂಕ, ಬಜಪೆ, ಕಟೀಲು ದಾಟಿ ರಾತ್ರಿ ಎಂಟೂವರೆಗೆ ನಮ್ಮೂರು ಮುಟ್ಟುತ್ತಿದ್ದ ಬಸ್ಸು ಮಂಗಳೂರಿಗೆ ಹಿಂತಿರುಗುತ್ತಿರಲಿಲ್ಲ. ಅಶ್ವತ್ಥಕಟ್ಟೆಯ ಪಕ್ಕ ತಿರುಗಿಸಿ ನಿಲ್ಲಿಸಿದರೆ ಮತ್ತೆ ಅಲುಗುವುದು ಬೆಳಗ್ಗೆ ಐದೂಮುಕ್ಕಾಲಿಗೆ. ಮಾಲೀಕರು ಇಟ್ಟ ಹೆಸರು ಬೇರೆ ಇತ್ತು. ನಮಗೆಲ್ಲ ಅದು ಹಾಲ್ಟ್ ಬಸ್ಸು.

1914ರಲ್ಲಿ ಮಂಗಳೂರಲ್ಲಿ ಸಿ.ಪಿ.ಸಿ. ಬಸ್ಸು ಕಂಪೆನಿ ಹುಟ್ಟಿದ ಕಾಲದಿಂದಲೂ ನಮ್ಮ ಜಿಲ್ಲೆಯನ್ನು ಹೊತ್ತು ತಿರುಗಿದ್ದು ಖಾಸಗಿ ಬಸ್ಸುಗಳೇ. ಬಜಪೆಯಲ್ಲಿ 1951ರ ಡಿಸೆಂಬರ್ 25ರಂದು ನೆಹರೂ ವಿಮಾನದಿಂದ ಇಳಿದದ್ದನ್ನು ಅಜ್ಜ ಹೇಳುತ್ತಲೇ ಇದ್ದರು. ಆದರೆ ಆ ವಿಮಾನ ಬಿಡುವವರು ಹೇಗಿರುತ್ತಾರೆಂದು ನಮಗೇನು ಗೊತ್ತು? ನಾವು ಕಂಡ ಪೈಲಟ್ ಎಂದರೆ ಖಾಕಿ ಅಂಗಿಯ ಡ್ರೈವರಣ್ಣ.

ಜೀನಸಿನ ಅಂಗಡಿಯ ಹಿಂದೆ ಹಂಚಿನ ಒಂದು ಕೋಣೆ. ಮೂರು ಚಾಪೆ, ಒಂದು ಲಾಟೀನು, ಮೂಲೆಯಲ್ಲಿ ಸೀಮೆಎಣ್ಣೆಯ ಸ್ಟವ್ವು. ಡ್ರೈವರಣ್ಣ ಬಂಟರವರು, ಕಂಡಕ್ಟರ್ ಬ್ಯಾರಿ, ಕ್ಲೀನರ್ ಹುಡುಗ ಮನೆಯಲ್ಲಿ ಕೊಂಕಣಿ ಆಡುವ ಕ್ರೈಸ್ತ. ಮೂವರ ನಡುವೆ ಓಡುತ್ತಿದ್ದುದು ತುಳು. ಬಂದರಿನಿಂದ ತಂದ ಬೂತಾಯಿಯನ್ನು ಕಂಡಕ್ಟರ್ ಸಾರು ಮಾಡಿದರೆ ಕ್ಲೀನರ್ ಕುಚ್ಚಲಕ್ಕಿ ಗಂಜಿ ಇಳಿಸುತ್ತಿದ್ದ. ಅವತ್ತಿನ ಕಲೆಕ್ಷನ್ನಿನ ಚಿಲ್ಲರೆಯನ್ನು ಚಾಪೆಯ ಮೇಲೆ ಸುರಿದು ಎಣಿಸುವ ಸದ್ದು ನಮ್ಮ ಜಗಲಿಗೆ ಕೇಳುತ್ತಿತ್ತು. ಲೆಕ್ಕದಲ್ಲಿ ಕಡಿಮೆ ಬಿದ್ದರೆ ಮೂವರೂ ತಮ್ಮ ಬತ್ತೆಯಿಂದ ಹಾಕಿ ಸರಿಮಾಡುತ್ತಿದ್ದರಂತೆ. ರಂಜಾನಿನ ತಿಂಗಳಲ್ಲಿ ಕಂಡಕ್ಟರ್ ಬೆಳಗಿನ ಜಾವ ಎದ್ದು ಉಣ್ಣುವಾಗ ಡ್ರೈವರಣ್ಣನೂ ಎದ್ದು ಕೂರುತ್ತಿದ್ದರು, ಒಬ್ಬನೇ ಉಣ್ಣಬಾರದೆಂದು. ಬಸ್ಸಿನ ಎದುರುಗಾಜಿನ ಮೇಲೆ ಕಟೀಲಮ್ಮ, ಏಸು, 786 ಮೂರೂ ಪಕ್ಕಪಕ್ಕ ಇದ್ದವು. ಅದರಲ್ಲಿ ವಿಶೇಷವಿದೆಯೆಂದು ಅಂದು ಯಾರಿಗೂ ಅನ್ನಿಸಿರಲಿಲ್ಲ.

ಯಕ್ಷಗಾನದ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ಎಲ್ಲಾದರೂ ಕಟೀಲು ಮೇಳದ ಆಟವಿದ್ದರೆ ಕೋಣೆಗೆ ಬೀಗ. ಚೌಕಿಯಿಂದ ಚೆಂಡೆ ಕೇಳಿತೆಂದರೆ ನಮ್ಮನ್ನೂ ಕರೆದುಕೊಂಡು ಹೊರಡುತ್ತಿದ್ದರು. ನಡುರಾತ್ರಿ ಕಳೆಯುತ್ತಲೇ ಕಂಡಕ್ಟರ್ ಡ್ರೈವರಣ್ಣನನ್ನು ಬಲವಂತವಾಗಿ ಎಬ್ಬಿಸಿ ಮಲಗಲು ಕಳಿಸುತ್ತಿದ್ದರು: "ಬೆಳಗ್ಗೆ ಅರುವತ್ತು ಜೀವ ನಿಮ್ಮ ಕೈಯಲ್ಲಿ ಮಾರಾಯ್ರೇ."

ಬೆಳಗಿನ ಆ ಬಸ್ಸಿನಲ್ಲಿ ಏನು ಹೋಗುತ್ತಿರಲಿಲ್ಲ! ಮಲ್ಲಿಗೆಯ ಅಟ್ಟೆ, ಬಸಳೆಯ ಕಟ್ಟು, ಆಸ್ಪತ್ರೆಯಲ್ಲಿದ್ದವರಿಗೆ ಬುತ್ತಿ. ಸಂಜೆ ಬರುವಾಗ ಅಜ್ಜಿಯ ಮಾತ್ರೆ, ನನ್ನ ಪಠ್ಯಪುಸ್ತಕ. ಚೀಟಿ ಕೊಟ್ಟರೆ ಸಾಕಿತ್ತು. ಅಮ್ಮನಿಗೆ ಹೆರಿಗೆ ನೋವು ಬಂದ ರಾತ್ರಿ ಕೋಣೆಯ ಬಾಗಿಲು ತಟ್ಟಿದ್ದು ಅಪ್ಪ. ಮೂವರೂ ಎದ್ದರು. ಅಷ್ಟು ದೊಡ್ಡ ಬಸ್ಸು ಒಬ್ಬಳಿಗಾಗಿ ಮಂಗಳೂರಿಗೆ ಓಡಿತು. ಡೀಸೆಲ್ಲಿನ ದುಡ್ಡು ಅಪ್ಪ ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ.

ಈಗ ಮನೆಗೆರಡು ಬೈಕು, ಕಾರು. ಹೆರಿಗೆಗೆ 108 ಬರುತ್ತದೆ. ಅದು ಒಳ್ಳೆಯದೇ, ಬಸ್ಸಿಲ್ಲದೆ ಯಾರೂ ಸಾಯಬಾರದು. ಕೊನೆಯ ಟ್ರಿಪ್ಪು ಏಳು ಗಂಟೆಗೇ ಮುಗಿಯುತ್ತದೆ. ಡ್ರೈವರು ಬೈಕಿನಲ್ಲಿ ತನ್ನ ಮನೆಗೆ, ಕಂಡಕ್ಟರ್ ತನ್ನ ಮನೆಗೆ. ಒಟ್ಟಿಗೆ ಉಣ್ಣುವುದು ಎಲ್ಲಿಂದ ಬಂತು? ನಾನೀಗ ಇರುವ ಮಂಗಳೂರಿನಲ್ಲಿ ಬಾಡಿಗೆ ಮನೆ ಕೇಳಿ ಹೋದರೆ ಮೊದಲು ಕೇಳುವುದು ಹೆಸರು. ಆಗೆಲ್ಲ ಮೂರು ಚಾಪೆಯ ಆ ಕೋಣೆ ಕಣ್ಣಮುಂದೆ ಬಂದು ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಹಂಚಿನ ಕೋಣೆ ಕೆಡವಿ ಅಲ್ಲಿ ಮೊಬೈಲ್ ಅಂಗಡಿ ಎದ್ದಿದೆ. ಡ್ರೈವರಣ್ಣ ತೀರಿಹೋಗಿದ್ದಾರೆ. ಕಂಡಕ್ಟರಿಗೆ ಎಂಬತ್ತರ ಮೇಲಾಯಿತು, ಕಣ್ಣು ಮಂಜು. ಕಳೆದ ತಿಂಗಳು ಹೋದಾಗ ನನ್ನ ದನಿ ಕೇಳಿಯೇ ನಮ್ಮ ಸ್ಟಾಪಿನ ಹೆಸರು ಹೇಳಿದರು. ನಿಮ್ಮೂರಿಗೂ ಒಂದು ಹಾಲ್ಟ್ ಬಸ್ಸು ಬರುತ್ತಿದ್ದರೆ, ಅದರವರು ಯಾರಾದರೂ ಉಳಿದಿದ್ದರೆ, ಈ ಭಾನುವಾರವೇ ಹೋಗಿ ಮಾತಾಡಿಸಿ ಬನ್ನಿ.