ಇದು ಬೆಳಗ್ಗೆಯಾ, ಸಂಜೆಯಾ?

ಬೇಸಗೆ ರಜೆಯಲ್ಲಿ ಉಡುಪಿಯ ನಾಲ್ವರು ಮಕ್ಕಳು ಕಂಪ್ಯೂಟರಿನಲ್ಲಿ ತಾವೇ ಒಂದು ಒಗಟಿನ ಆಟ ಮಾಡುತ್ತೇವೆಂದು ಹೊರಟರು. ಎಲ್ಲರೂ ಒಂಬತ್ತನೆಯ ತರಗತಿ. ವಿಜ್ಞಾನದ ಮಾಸ್ತರನಾದ ತಪ್ಪಿಗೆ ನಾನೂ ಜೊತೆಗೆ ಕೂರಬೇಕಾಯಿತು. ಅವರಿಗೆ ಇದು ಮೊದಲ ಆಟ, ನನಗೂ.

ಸಲಕರಣೆ, ಅಮೆರಿಕದ ಎಂ.ಐ.ಟಿ. 2007ರಲ್ಲಿ ಹೊರತಂದ 'ಸ್ಕ್ರ್ಯಾಚ್'. ಆಜ್ಞೆಗಳನ್ನು ಟೈಪು ಮಾಡಬೇಕಿಲ್ಲ. ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸಿದರಾಯಿತು. ದುಡ್ಡೂ ಬೇಡ. ಆಟ ಎಲ್ಲಿ ನಡೆಯಬೇಕು ಎಂಬುದೇ ದೊಡ್ಡ ಚರ್ಚೆ. ನಾನೊಂದು ಹಳೆಯ ಸಂಗತಿ ಹೇಳಿದೆ. 1976ರ ಸುಮಾರಿಗೆ ಅಮೆರಿಕದ ವಿಲ್ ಕ್ರೌದರ್ ತನ್ನ ಹೆಣ್ಣುಮಕ್ಕಳಿಗಾಗಿ ಇಂಥದೇ ಒಂದು ಆಟ ಬರೆದ. ಚಿತ್ರವಿಲ್ಲ, ಬರೀ ಅಕ್ಷರ. ತಾನು ಅಲೆದಿದ್ದ ಕೆಂಟಕಿಯ ಗುಹೆಯನ್ನೇ ಅದರಲ್ಲಿ ಇಳಿಸಿದ್ದ.

"ನಮಗೆ ಕಾರ್ಕಳ ಇದೆಯಲ್ಲ ಸರ್!" ಎಂದಳು ಒಬ್ಬಳು.

ಹೌದು. 1586ರ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು. ಒಂದು ಸುತ್ತು ಬಂದರೆ ಯಾವ ಕಡೆಯಿಂದ ಹೊಕ್ಕೆವೆಂಬುದೇ ಮರೆಯುತ್ತದೆ. ಮೂಡಣ ಬಾಗಿಲನ್ನು ಕಂಡುಹಿಡಿದು ಹೊರಬರಬೇಕು, ಇದು ಒಗಟು. ಸುಳಿವಿಗೆ ಅಂಗಳದಲ್ಲೊಂದು ಕಂಬ ಬರೆದು ಅದರ ನೆರಳು ಕಾಣಿಸಿದೆವು. ಬೆಳಗಿನ ನೆರಳು ಪಡುವಣಕ್ಕೆ ತಾನೆ? ಮೂಡುಬಿದಿರೆ, ಪಡುಬಿದ್ರಿ ಎಂದು ಊರ ಹೆಸರಿನಲ್ಲೇ ದಿಕ್ಕು ಇಟ್ಟುಕೊಂಡ ಸೀಮೆ ನಮ್ಮದು. ಗೆದ್ದವರಿಗೆ ಮುಂದಿನ ಹಂತ, ಕಾಪುವಿನ 1901ರ ದೀಪಸ್ತಂಭ.

ಒಬ್ಬಳು ಚಿತ್ರ ಬರೆದಳು, ಒಬ್ಬ ಕತೆ, ಒಬ್ಬಳು ಸದ್ದು, ಒಬ್ಬ ಜೋಡಣೆ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವ ಅಕ್ಕನೊಬ್ಬಳು ಆಡಿ ಎರಡು ಸಲ ಸೋತಳು. ಮಕ್ಕಳು ಕುಣಿದಾಡಿದರು. ನನಗೂ ಒಳಗೊಳಗೇ ಹೆಮ್ಮೆ.

ಮರುದಿನ ಕಾಪುವಿನ ಆರನೆಯ ತರಗತಿಯ ಪುಟ್ಟಿಯೊಬ್ಬಳು ಕೂತಳು. ನೆರಳನ್ನೇ ನೋಡಿ, ಮೌಸ್ ಬಿಟ್ಟು ನನ್ನತ್ತ ತಿರುಗಿದಳು.

"ಸರ್, ಇದು ಬೆಳಗ್ಗೆಯಾ, ಸಂಜೆಯಾ?"

ಸಂಜೆಯಾದರೆ ನೆರಳು ಮೂಡಣಕ್ಕೆ! ಹೊತ್ತು ಯಾವುದೆಂದು ನಾವು ಎಲ್ಲಿಯೂ ಹೇಳಿರಲಿಲ್ಲ. ನಮ್ಮ ಐವರಿಗೂ ಅದು ಗೊತ್ತಿತ್ತು. ಅದಕ್ಕೇ ಕೊರತೆ ಕಣ್ಣಿಗೆ ಬೀಳಲಿಲ್ಲ.

"ಅಷ್ಟೂ ಗೊತ್ತಾಗದವರು ಆಡುವುದು ಬೇಡ" ಎಂದು ಜೋಡಣೆಯ ಹುಡುಗ ಸಿಟ್ಟಿನಿಂದ ಎದ್ದು ಹೋದ. ಎರಡು ದಿನ ಬರಲಿಲ್ಲ. ಆಟ ಅಲ್ಲಿಗೇ ಮುಗಿಯಿತೆಂದುಕೊಂಡೆ. ಮೂರನೆಯ ದಿನ ಸದ್ದಿನ ಹುಡುಗಿ, "ಒಂದು ಕೋಳಿ ಕೂಗಿಸಿದರೆ ಸಾಕಲ್ಲ ಸರ್?" ಎಂದಳು. ಮೂವರೂ ಅವನ ಮನೆಗೆ ಹೋಗಿ ಕರೆತಂದರು. ಅವನೇ ಕೂಗನ್ನು ಜೋಡಿಸಿದ. ಪುಟ್ಟಿ ಕೇಳಿದಳು, ನಕ್ಕಳು, ಸರಿಯಾದ ಬಾಗಿಲಿನಿಂದ ಹೊರಬಂದಳು. ಅಕ್ಕ ಸೋತಾಗ ಕಾಣದ ಸಂತೋಷ ಆಗ ಅವನ ಮುಖದಲ್ಲಿತ್ತು.

ನನಗೆ ಮಾತ್ರ ಬೇರೊಂದು ಮುಖ ನೆನಪಾಯಿತು. ವರ್ಷಗಳ ಹಿಂದೆ ನಾನು ಕೊಟ್ಟ ಲೆಕ್ಕವೊಂದರಲ್ಲಿ ದ್ರವ್ಯರಾಶಿ ಬರೆಯಲು ಮರೆತಿದ್ದೆ. 'ದ್ರವ್ಯರಾಶಿ ಕೊಟ್ಟಿಲ್ಲ' ಎಂದಷ್ಟೇ ಉತ್ತರ ಬರೆದ ಹುಡುಗನಿಗೆ ಸೊನ್ನೆ ಹಾಕಿ, ಅಧಿಕಪ್ರಸಂಗಿ ಎಂದು ಬೈದೂ ಇದ್ದೆ. ಇಡೀ ತರಗತಿಯಲ್ಲಿ ಪ್ರಶ್ನೆಯನ್ನು ಸರಿಯಾಗಿ ಓದಿದವನು ಅವನೊಬ್ಬನೇ.

ಹೆತ್ತವರಲ್ಲಿ ಒಂದು ಮಾತು. ಮಗು ಕಂಪ್ಯೂಟರಿನ ಮುಂದೆ ಕೂತರೆ ಗದರುವ ಮೊದಲು, ಆಟ ಆಡುತ್ತಿದೆಯೋ ಮಾಡುತ್ತಿದೆಯೋ ನೋಡಿ. ಮಾಡುತ್ತಿದ್ದರೆ ನೀವೇ ಮೊದಲು ಆಡಿ. ಅರ್ಥವಾಗದಿದ್ದರೆ ನಾಚದೆ ಕೇಳಿ.

ಆ ಸೊನ್ನೆಯನ್ನು ನಾನಿನ್ನು ತಿದ್ದಲಾರೆ. ಈಗ ಪ್ರಶ್ನೆ ಬರೆದು ಮುಗಿಸಿದ ಮೇಲೆ ಇನ್ನೊಮ್ಮೆ ಓದುತ್ತೇನೆ, ಕೋಳಿ ಕೂಗಿದೆಯೇ ಎಂದು.