ಕುಡಿಯುವ ನೀರಿನ ಮಿತಿ

ಮೈಸೂರಿನ ಕುವೆಂಪುನಗರವು ಕವಿಯ ಹೆಸರನ್ನು ಹೊತ್ತ ಬಡಾವಣೆ. ಕವಿಯ ಮನೆಯಾದ ಉದಯರವಿ ಇರುವುದು ಮಾತ್ರ ಒಂಟಿಕೊಪ್ಪಲಿನ ಕಡೆ. ಈ ಬಡಾವಣೆಯ ನಿವೃತ್ತ ಉಪಾಧ್ಯಾಯರೊಬ್ಬರ ಮನೆಯಲ್ಲಿ ಎರಡು ಬಗೆಯ ನೀರುಂಟು. ನಲ್ಲಿಯಲ್ಲಿ ಬರುವುದು ನದಿಯ ನೀರು; ಹಿತ್ತಲಿನದು ಕೊಳವೆಬಾವಿಯ ನೀರು. ಮೊದಲನೆಯದರಲ್ಲಿ ಬೇಳೆ ಬೇಗ ಬೇಯುವುದು, ಎರಡನೆಯದರಲ್ಲಿ ಹಟ ಹಿಡಿಯುವುದು. ಗೃಹಿಣಿಗೆ ಈ ಪರೀಕ್ಷೆಯೇ ಸಾಕಾಗಿತ್ತು. ಉಪಾಧ್ಯಾಯರಿಗೆ ಸಾಲದೆ, ಬಾವಿಯ ನೀರನ್ನು ಸೀಸೆಯಲ್ಲಿ ತುಂಬಿ ಪರೀಕ್ಷಾಲಯಕ್ಕೆ ಒಯ್ದರು. ಬಂದ ಕಾಗದದಲ್ಲಿ ಫ್ಲೋರೈಡು ಲೀಟರಿಗೆ 1.2 ಮಿಲಿಗ್ರಾಂ ಎಂದಿತ್ತು.

“ಇದನ್ನು ಕುಡಿಯಬಹುದೋ?”

“ತಮ್ಮ ಮನೆಗೆ ನದಿಯ ನೀರು ಬರುತ್ತದೆಯೆ?” ಎಂದು ರಸಾಯನಜ್ಞನು ಮರುಪ್ರಶ್ನೆ ಹಾಕಿದನು.

“ಬರುತ್ತದೆ.”

“ಹಾಗಾದರೆ ಇದು ಬೇಡ. ಬಾರದಿದ್ದರೆ ಕುಡಿಯಬಹುದಾಗಿತ್ತು.”

ಬಹುಕಾಲ ಲೆಕ್ಕ ಹೇಳಿಕೊಟ್ಟವರಿಗೆ ಈ ಮಾತು ರುಚಿಸಲಿಲ್ಲ. ಆದರೆ ರಸಾಯನಜ್ಞನು ಪರಿಹಾಸ ಮಾಡಿರಲಿಲ್ಲ. ಭಾರತೀಯ ಮಾನಕ ಸಂಸ್ಥೆಯು 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನಕದಲ್ಲಿ ಎರಡು ಅಂಕಣಗಳಿವೆ. ಒಂದು ಸ್ವೀಕಾರಾರ್ಹ ಮಿತಿ. ಇನ್ನೊಂದು, ಬೇರೆ ಜಲಮೂಲವಿಲ್ಲದೆಡೆ ಅನುಮತಿಸಬಹುದಾದ ಮಿತಿ. ಫ್ಲೋರೈಡಿಗೆ ಮೊದಲನೆಯದು 1.0, ಎರಡನೆಯದು 1.5. ಗಡಸುತನಕ್ಕೆ 200 ಮತ್ತು 600. ಗಡಸುತನದ ಸಡಿಲಿಕೆಯಿಂದ ಬೇಳೆಗೂ ಪಾತ್ರೆಗೂ ಕಷ್ಟವಾದೀತು, ಅಷ್ಟೆ. ಫ್ಲೋರೈಡಿನ ಸಡಿಲಿಕೆಯನ್ನು ಹೊರತಕ್ಕದ್ದು ಹಲ್ಲು ಮತ್ತು ಮೂಳೆ. ನೈಟ್ರೇಟಿಗೆ ಮಾತ್ರ 45 ಎಂಬ ಒಂದೇ ಅಂಕಿ, ಸಡಿಲಿಕೆಯಿಲ್ಲ; ಏಕೆಂದರೆ ಅದು ಮೀರಿದರೆ ಹಸುಗೂಸಿನ ರಕ್ತವು ಪ್ರಾಣವಾಯುವನ್ನು ಹೊರಲಾರದೆ ಮೈ ನೀಲಿಗಟ್ಟುವುದುಂಟು. ಕಾಯಿಸಿದ ನೀರು ನಿರಪಾಯವೆಂದು ನಂಬಿದ ತಾಯಂದಿರು ತಿಳಿಯಬೇಕಾದ ಸಂಗತಿಯೊಂದಿದೆ: ಕುದಿಸಿದರೆ ಕ್ರಿಮಿಗಳು ಸಾಯುವುವು, ನೈಟ್ರೇಟಾಗಲಿ ಫ್ಲೋರೈಡಾಗಲಿ ಹೋಗದು, ನೀರು ಆವಿಯಾದಷ್ಟೂ ಕೊಂಚ ಗಟ್ಟಿಯಾಗುವುದು.

ಈ ಅಂಕಿಗಳು ಹುಟ್ಟುವ ಬಗೆ ಕುತೂಹಲಕರವಾದುದು. ಅನೇಕ ರಾಸಾಯನಿಕಗಳ ವಿಷಯದಲ್ಲಿ, ಪ್ರಾಣಿಗಳಿಗೆ ಕೇಡು ಕಾಣಿಸದ ಪ್ರಮಾಣವನ್ನು ಹಿಡಿದು ಸಾಮಾನ್ಯವಾಗಿ ನೂರರಿಂದ ಭಾಗಿಸುತ್ತಾರೆ: ಪ್ರಾಣಿಗೂ ಮನುಷ್ಯನಿಗೂ ಇರುವ ಅಂತರಕ್ಕೆ ಹತ್ತು, ಮನುಷ್ಯರೊಳಗಿನ ಅಂತರಕ್ಕೆ ಮತ್ತೆ ಹತ್ತು. ಫ್ಲೋರೈಡಿಗೆ ಸಾಕ್ಷಿ ಹೇಳಿದವರು ಮಾತ್ರ ಮನುಷ್ಯರೇ. 1937ರಲ್ಲಿ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ, ಬೆನ್ನು ಸೆಟೆದು ಬಗ್ಗಲಾರದೆ ಹೋದ ಹಳ್ಳಿಗರ ರೋಗಕ್ಕೆ ಬಾವಿನೀರಿನ ಫ್ಲೋರೈಡೇ ಕಾರಣವೆಂದು ಶಾರ್ಟ್ ಎಂಬ ವೈದ್ಯನೂ ಅವನ ಸಹಚರರೂ ಪ್ರಕಟಿಸಿದರು. ಅದೇ ಕಾಲದಲ್ಲಿ ಅಮೆರಿಕದ ಡೀನ್ ಎಂಬ ದಂತವೈದ್ಯನು ಊರೂರಿನ ಮಕ್ಕಳ ಹಲ್ಲುಗಳನ್ನು ನೋಡಿ, ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದಲ್ಲಿ ಹುಳುಕು ಕಡಿಮೆ, ಕಲೆಯೂ ಅಲ್ಪ ಎಂದು ಕಂಡನು. ವಿಶ್ವ ಆರೋಗ್ಯ ಸಂಸ್ಥೆಯು 1984ರಲ್ಲಿ 1.5 ಎಂದಿತು, ಅಮೆರಿಕದ ಸರಕಾರವು 1986ರಲ್ಲಿ ಕಾನೂನಿನ ಮೇರೆಯನ್ನು 4.0ಕ್ಕೆ ಇರಿಸಿತು. ಒಂದೇ ಧಾತುವಿಗೆ ಇಷ್ಟು ಗೆರೆಗಳು! ಪ್ರಕೃತಿ ಎಳೆದ ಗೆರೆ ಇದಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಇನ್ನು ಕುಡಿಯುವವನ ಲೆಕ್ಕ. ಇಂಥ ಮಿತಿಗಳನ್ನು ಕಟ್ಟುವಾಗ ವಿಶ್ವ ಆರೋಗ್ಯ ಸಂಸ್ಥೆಯು ಸಾಧಾರಣವಾಗಿ ಭಾವಿಸುವ ಮನುಷ್ಯನು 60 ಕಿಲೋ ತೂಗಿ, ದಿನಕ್ಕೆ 2 ಲೀಟರು ಕುಡಿಯುವವನು. 1.5ರ ನೀರಿನಿಂದ ಅವನಿಗೆ ಸೇರುವುದು 3 ಮಿಲಿಗ್ರಾಂ. ಪಾವಗಡದ ಬಿಸಿಲಲ್ಲಿ ಹೊಲ ಅಗೆಯುವವನು 4 ಲೀಟರು ಕುಡಿದರೆ 6 ಸೇರುವುದು. ನೆರಳಿನಲ್ಲಿ ಕುಳಿತವನು ಇಷ್ಟನ್ನು ಪಡೆಯಬೇಕಾದರೆ ಅವನ ನೀರು 3.0ರದ್ದಾಗಿರಬೇಕು, ಆ ನೀರನ್ನು ನಮ್ಮ ಯಾವ ಪರೀಕ್ಷಾಲಯವೂ ಒಪ್ಪದು. ಪಾವಗಡ, ಮುಂಡರಗಿ, ಬಾಗೇಪಲ್ಲಿಗಳ ಅಂತರ್ಜಲದಲ್ಲಿ ಫ್ಲೋರೈಡಿನ ಬಾಧೆ ಹಳೆಯದು. ಎರಡನೆಯ ಅಂಕಣವು ಇರುವುದು ಇಂಥ ಕಡೆಗಾಗಿಯೇ. ನೀರಿಲ್ಲದಿರುವುದಕ್ಕಿಂತ ಇಷ್ಟಾದರೂ ಇರಲಿ ಎಂಬುದು ಸುಳ್ಳಲ್ಲ. ಬಾಯಾರಿಕೆ ಮಾನಕವನ್ನು ಕಾಯುವುದಿಲ್ಲ. ಆದರೆ 1.0ಕ್ಕೂ 1.5ಕ್ಕೂ ನಡುವಿನ ಆ ಅರ್ಧ ಮಿಲಿಗ್ರಾಂ ಪಾವಗಡದವನ ಮೂಳೆಯನ್ನು ಅಳೆದು ಕೊಟ್ಟದ್ದಲ್ಲ, ಅವನ ಊರಿನ ಕೊರತೆಯನ್ನು ಅಳೆದು ಕೊಟ್ಟದ್ದು. ಅದನ್ನು ಅನುಮತಿ ಎನ್ನುವುದಕ್ಕಿಂತ ಸಾಲ ಎನ್ನುವುದೇ ಲೇಸಾಗಿತ್ತು.

ಉಪಾಧ್ಯಾಯರು ಕಾಗದವನ್ನು ಅಡಿಗೆಮನೆಯ ಗೂಡಿನಲ್ಲಿ ಸಿಕ್ಕಿಸಿ, ಬಾವಿಯ ನೀರು ತೋಟಕ್ಕೂ ಬಚ್ಚಲಿಗೂ ಮಾತ್ರ ಎಂದು ವಿಧಿಸಿದರು. ಸಂಜೆ ಪಾತ್ರೆ ತೊಳೆಯುವಾಕೆ ವಾಡಿಕೆಯಂತೆ ಹಿತ್ತಲಿನ ಕೊಳಾಯಿಯಡಿ ತನ್ನ ಕೊಡವನ್ನಿಟ್ಟಳು. ಅವಳ ಬೀದಿಗೆ ನದಿಯ ನೀರು ದಿನವೂ ಬರುತ್ತಿರಲಿಲ್ಲ. ಗೃಹಿಣಿಯು ಗೂಡಿನತ್ತ ಒಮ್ಮೆ ನೋಡಿ, ಆ ಕೊಡವನ್ನು ಒಳಗೆ ತರಿಸಿ, ನಲ್ಲಿಯಡಿ ಇಡಿಸಿದಳು.